ಚಕ್ರ ಕೈಯೊಳಗೇ ಜಾರಿತು ಅಂದೆಯಲ್ಲ

ಪ್ರೀತಿಯ ಮಗೂ,

ಆಶೀರ್ವಾದಗಳು. ನಿನ್ನ ಕಾಗದದಲ್ಲಿ ಹಳೆಯ ಕಾರಿನ ಬಣ್ಣ, ಹುಡ್ಡು, ಹೊಸ ಕ್ಯಾನ್‌ವಾಸು ಎಲ್ಲ ಓದಿ ಸಂತೋಷವಾಯಿತು. ಅವಕ್ಕೆಲ್ಲ ಉತ್ತರ ಬರೆಯುವುದಿಲ್ಲ, ನಿನಗೇ ಗೊತ್ತಿರುವ ಸಂಗತಿ. ನನ್ನನ್ನು ಕಾಡುತ್ತಿರುವುದು ನಡುವೆ ಎಲ್ಲೋ ಸೇರಿಸಿದ ಒಂದೇ ಸಾಲು: ‘ತಿರುವಿನಲ್ಲಿ ಸ್ಟೀರಿಂಗ್ ಚಕ್ರ ಅಂಗೈಯೊಳಗೇ ಜಾರಿತು, ಒಂದು ಕ್ಷಣ ಕಾರು ನನ್ನ ಹಿಡಿತದಲ್ಲಿ ಇರಲಿಲ್ಲ.’ ಅದರ ಬೆನ್ನಿಗೇ, ಕೈಗವಸು ಹಾಕಿಕೊಂಡರೆ ಸರಿಹೋದೀತೇ ಅಂತ ಕೇಳಿ, ಮತ್ತೆ ಬಣ್ಣದ ಮಾತಿಗೆ ಹೋಗಿಬಿಟ್ಟಿದ್ದೀ.

ಕೈಗವಸು ಬೇಕು. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಜಾರಿದ್ದು ಯಾವಾಗ ಅಂತ ನೀನು ಬರೆದಿಲ್ಲ. ತಿರುವಿಗೆ ಇಳಿಯುವಾಗಲೋ, ತಿರುವಿನಿಂದ ಹೊರಗೆ ಬರುವಾಗಲೋ? ಇವೆರಡೂ ಒಂದೇ ಅಲ್ಲ. ತಿರುವು ಮುಗಿಯುತ್ತಿದ್ದಂತೆ ಮುಂದಿನ ಗಾಲಿಗಳು ತಾವಾಗಿಯೇ ನೇರಕ್ಕೆ ಬರಲು ನೋಡುತ್ತವೆ. ಕಿಂಗ್ ಪಿನ್ನನ್ನು, ಅಂದರೆ ಮುಂದಿನ ಗಾಲಿ ಎಡಬಲಕ್ಕೆ ತಿರುಗುವ ಗೂಟವನ್ನು, ಹಿಂದಕ್ಕೆ ವಾಲಿಸಿ ಕೂರಿಸಿರುವುದೇ ಅದಕ್ಕೆ. ಆಗ ಸ್ಟೀರಿಂಗ್ ಚಕ್ರ ಕೈಯೊಳಗೆ ಹಿಂದಕ್ಕೆ ಜಾರಲೇಬೇಕು. ಬೆರಳು ಸಡಿಲಿಸಿ ನೀನೇ ಅದಕ್ಕೆ ದಾರಿ ಬಿಡಬೇಕು. ಬಿಗಿಹಿಡಿದು ತಡೆದರೆ ಕಾರು ಇನ್ನೂ ತಿರುಗುತ್ತಲೇ ಇರುತ್ತದೆ. ತಿರುವಿಗೆ ಇಳಿಯುವಾಗ, ನೀನು ಎಳೆಯುತ್ತಿರುವಾಗಲೇ ಜಾರಿದ್ದಾದರೆ ಅದು ಬೇರೆ ಮಾತು, ಹೆದರಬೇಕಾದ ಮಾತು. ಹೊರಗೆ ಬರುವಾಗ ಬಿಡಬೇಕು, ಇಳಿಯುವಾಗ ಹಿಡಿಯಬೇಕು. ಒಳ್ಳೆಯ ಕೈಗವಸು ಎರಡನ್ನೂ ಮಾಡುತ್ತದೆ. ನಯವಾದ ಚರ್ಮ ಬೆರಳು ಮುಚ್ಚಿದಾಗ ಕಚ್ಚಿಕೊಳ್ಳುತ್ತದೆ, ಸಡಿಲಿಸಿದಾಗ ಸರಾಗವಾಗಿ ಜಾರುತ್ತದೆ. ಅಂಗೈಯಲ್ಲಿ ರಬ್ಬರಿನ ಚುಕ್ಕೆಗಳಿರುವ ಕೈಗವಸನ್ನು ಬೇಡ ಅನ್ನುವುದು ಇದಕ್ಕೇ. ಅವು ಹಿಡಿಯುತ್ತವೆ, ಬಿಡುವುದಿಲ್ಲ.

ಪವರ್ ಸ್ಟೀರಿಂಗ್ ಮಾರಾಟದ ಕಾರಿಗೆ ಬಂದದ್ದೇ 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ನಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ ತಿರುಗಿಸುವ ಬಲವೆಲ್ಲ ಚಾಲಕನ ತೋಳಿನದು. ಚಕ್ರವನ್ನು ಅಷ್ಟು ದೊಡ್ಡದಾಗಿ ಮಾಡಿದ್ದು ತೋಳಿಗೆ ಮೀಟುಬಲ ಸಿಗಲಿ ಅಂತ. ಆದರೆ ಅದರ ಬಳೆ, ಅಂದರೆ ಕೈಯಲ್ಲಿ ಹಿಡಿಯುವ ಸುತ್ತು, ಮಾತ್ರ ತೆಳು. ಈಗಿನ ಕಾರಿನ ದಪ್ಪ, ಮೆತ್ತನೆಯ ಬಳೆ ಅಂಗೈ ತುಂಬುತ್ತದೆ. ಹಳೆಯದನ್ನು ಬೆರಳುಗಳು ಸುತ್ತಿಕೊಂಡು ಹಿಡಿಯಬೇಕು. ತೆಳು ಬಳೆಯನ್ನು ಬಹಳ ಹೊತ್ತು ಒತ್ತಿ ಹಿಡಿದರೆ ಮುಂಗೈ ಸೋಲುತ್ತದೆ, ಸೋತ ಕೈಯೇ ಜಾರುವುದು. ಕೈಗವಸಿನ ಮೊದಲ ಉಪಕಾರ ಇಲ್ಲಿದೆ. ಅದೇ ಹಿಡಿತಕ್ಕೆ ಕಡಿಮೆ ಒತ್ತಡ ಸಾಕಾಗುತ್ತದೆ.

ಇನ್ನೊಂದು ಮಾತು. ಅಂಗೈ ಬೆವರುವುದು ಸೆಕೆಗೆ ಮಾತ್ರವಲ್ಲ, ಹೆಚ್ಚಾಗಿ ಆತಂಕಕ್ಕೆ. ಒಮ್ಮೆ ಜಾರಿದ ಮೇಲೆ ಮುಂದಿನ ತಿರುವು ಕಾಣುತ್ತಲೇ ಕೈ ಒದ್ದೆಯಾಗುತ್ತದೆ, ಒದ್ದೆ ಕೈ ವಾರ್ನಿಷ್ ಮೇಲೆ ಮತ್ತೆ ಜಾರುತ್ತದೆ. ನಿನ್ನ ಭಯ ಸುಳ್ಳಲ್ಲ ಮಗೂ. ಅದು ತನ್ನನ್ನು ತಾನೇ ನಿಜ ಮಾಡಿಕೊಳ್ಳುವ ಜಾತಿಯದು. ಚರ್ಮ ಆ ಬೆವರನ್ನು ಹೀರಿಕೊಂಡು ಈ ಸುತ್ತನ್ನು ಕಡಿಯುತ್ತದೆ.

ಆದರೂ ಕೈಗವಸು ಕೊಳ್ಳುವ ಮೊದಲು ಚಕ್ರವನ್ನೇ ನೋಡು. ಒಣ ಬಿಳಿ ಹತ್ತಿಬಟ್ಟೆಯಿಂದ ಬಳೆಯನ್ನು ಸುತ್ತಲೂ ಒತ್ತಿ ಒರೆಸು. ಬಟ್ಟೆಗೆ ಕಂದು ಜಿಡ್ಡು ಬಂದರೆ ಯಾರೋ ಮೇಣದ ಪಾಲಿಶ್ ಹಚ್ಚಿರಬಹುದು. ಹೊಳಪು ಬರಲಿ ಅಂತ ಹಚ್ಚುತ್ತಾರೆ, ಜಾರುವುದಕ್ಕೆ ಅರ್ಧ ಕಾರಣ ಅದೇ. ಡ್ಯಾಶ್‌ಬೋರ್ಡಿಗೆ ಹೊಡೆಯುವ ಸಿಲಿಕೋನ್ ಸ್ಪ್ರೇ ಅಂತೂ ಚಕ್ರದ ಹತ್ತಿರಕ್ಕೂ ಬರಬಾರದು. ಮರದ ಬಳೆಯಾದರೆ ಸೌಮ್ಯವಾದ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ ಒರೆಸು, ಕೂಡಲೇ ಒಣಗಿಸು. ಸೆಲ್ಯುಲಾಯ್ಡ್ ಅನ್ನುವ ಹಳೆಯ ಕಾಲದ ಪ್ಲಾಸ್ಟಿಕ್ಕಿನ ಹೊದಿಕೆಯದಾದರೆ ಥಿನ್ನರ್, ಅಸಿಟೋನ್ ಸೋಕಿಸಲೇಬೇಡ, ಹೊದಿಕೆಯೇ ಕರಗುತ್ತದೆ. ಹಳೆಯ ಗಟ್ಟಿ ರಬ್ಬರಿನ ಬಳೆ ಬಟ್ಟೆಗೆ ಕಪ್ಪು ಬಿಡುತ್ತಿದ್ದರೆ ಮೇಲ್ಮೈ ಕೊಳೆಯುತ್ತಿದೆ ಅಂತ ಲೆಕ್ಕ. ಎಷ್ಟು ಒರೆಸಿದರೂ ನಿಲ್ಲುವುದಿಲ್ಲ, ಹೊಸದಾಗಿ ಎರಕ ಹಾಕಿಸಬೇಕು.

ಒರೆಸುವಾಗಲೇ ಒಂದೊಂದು ಸ್ಪೋಕಿನ ಎರಡೂ ಪಕ್ಕ ಬಳೆಯನ್ನು ಹಿಂದೆ ಮುಂದೆ ಒತ್ತಿ ನೋಡು. ಮರದ ಬಳೆಯನ್ನು ತುಂಡುಗಳನ್ನು ಅಂಟಿಸಿ ಮಾಡಿರುತ್ತಾರೆ, ರಿವೆಟ್ಟು ಇಲ್ಲವೇ ಸ್ಕ್ರೂ ಹಾಕಿ ಸ್ಪೋಕಿಗೆ ಬಿಗಿದಿರುತ್ತಾರೆ. ಅಂಟು ಬಿಟ್ಟಿದ್ದರೆ ಬಳೆ ಕೂದಲೆಳೆಯಷ್ಟು ಅಲುಗುತ್ತದೆ. ಕೈಗೆ ಅದು ಜಾರಿದಂತೆಯೇ ಅನ್ನಿಸುತ್ತದೆ! ಅಲುಗಿದರೆ ಕಾರು ಶೆಡ್ಡಿನಲ್ಲೇ ಇರಲಿ, ರಿಪೇರಿ ಆಗುವ ತನಕ ಹೊರಗೆ ತೆಗೆಯಬೇಡ.

ಕೆಲವರು ಬಳೆಗೆ ಎಳೆದು ಹಾಕುವ ಕವರ್ ಕೊಡುತ್ತಾರೆ. ಬೇಡ. ಅದು ಬಳೆಯ ಮೇಲೆ ತಾನೇ ಸುತ್ತುತ್ತದೆ. ಸೂಜಿ ಹಾಕಿ ಬಿಗಿಯಾಗಿ ಹೊಲಿದ ಚರ್ಮವಾದರೆ ಪರವಾಗಿಲ್ಲ.

ಕೈಗವಸಿನ ಅಳತೆ ಹೇಳುತ್ತೇನೆ, ಬೇಸರಪಡಬೇಡ, ಎಲ್ಲ ಇರುವುದು ಅದರಲ್ಲೇ. ನೀನು ಹೆಚ್ಚು ಬಳಸುವ ಕೈಯ ಬೆರಳಗಂಟುಗಳ ಮೇಲೆ, ಹೆಬ್ಬೆರಳನ್ನು ಹೊರಗೆ ಬಿಟ್ಟು, ಟೇಪು ಸುತ್ತು. ಮುಷ್ಟಿಯನ್ನು ಸಡಿಲವಾಗಿ ಮುಚ್ಚು. ಇಂಚಿನಲ್ಲಿ ಬಂದದ್ದೇ ಕೈಗವಸಿನ ಸಂಖ್ಯೆ: 7.5 ಇಂಚು ಬಂದರೆ 7.5. ಎರಡು ಸಂಖ್ಯೆಗಳ ನಡುವೆ ಬಂದರೆ ಚಿಕ್ಕದನ್ನೇ ತೆಗೆದುಕೊ, ಚರ್ಮ ಬಳಸುತ್ತ ಬಳಸುತ್ತ ಹಿಗ್ಗುತ್ತದೆ, ಕುಗ್ಗುವುದಿಲ್ಲ. ಹಾಕಿಕೊಂಡು ಕೈ ಚಾಚಿದಾಗ ಬೆರಳ ತುದಿಯಲ್ಲಿ ಖಾಲಿ ಚರ್ಮ ಮಡಚಿಕೊಳ್ಳಬಾರದು. ಮುಷ್ಟಿ ಕಟ್ಟಿದಾಗ ಅಂಗೈಯಲ್ಲಿ ನೆರಿಗೆ ಏಳಬಾರದು.

ಇಷ್ಟು ಒತ್ತಿ ಹೇಳುವುದು ಯಾಕೆಂದರೆ, ಸಡಿಲವಾದ ಕೈಗವಸಿನಲ್ಲಿ ಜಾರುವುದಕ್ಕೆ ಒಂದಲ್ಲ, ಎರಡು ಜಾಗ: ಬಳೆಗೂ ಚರ್ಮಕ್ಕೂ ನಡುವೆ ಒಂದು, ಚರ್ಮಕ್ಕೂ ನಿನ್ನ ಕೈಗೂ ನಡುವೆ ಇನ್ನೊಂದು. ದೊಡ್ಡ ಚಪ್ಪಲಿ ಹಾಕಿಕೊಂಡು ಏಣಿ ಹತ್ತಿದ ಹಾಗೆ. ಒಳಪದರ ಇರುವ ಕೈಗವಸಿನಲ್ಲೂ ಇದೇ ತೊಂದರೆ, ರೇಷ್ಮೆಯ ಒಳಪದರದಲ್ಲಿ ಇನ್ನೂ ಹೆಚ್ಚು. ಉಣ್ಣೆಯದನ್ನು ಕೇಳಲೇಬೇಡ.

ಚರ್ಮದ ವಿಷಯಕ್ಕೆ ಬಂದರೆ, ಉಣ್ಣೆಯ ಬದಲು ಕೂದಲು ಬೆಳೆಯುವ ಕುರಿಗಳಿವೆಯಲ್ಲ, ಅವುಗಳ ಚರ್ಮ ತೆಳುವಾಗಿದ್ದೂ ಗಟ್ಟಿ. ನಿನಗೆ ಅದು ಸಾಕು. ಉಣ್ಣೆಕುರಿಮರಿಯ ಚರ್ಮ ಬೆಣ್ಣೆಯಷ್ಟು ಮೃದು, ಆದರೆ ಬೇಗ ಹರಿಯುತ್ತದೆ. ಜಿಂಕೆಯದು ಹಿಗ್ಗಿ ಸಡಿಲವಾಗುತ್ತದೆ. ಪೆಕರಿ ಅನ್ನುವ ಕಾಡುಹಂದಿಯಂಥ ಪ್ರಾಣಿಯ ಚರ್ಮ ಬಹಳ ಬಾಳಿಕೆಯದು, ಮೂರು ಮೂರು ರಂಧ್ರಗಳ ಗುಂಪಿನಿಂದ ಗುರುತು ಸಿಗುತ್ತದೆ, ಬೆಲೆ ಜಾಸ್ತಿ. ಸ್ವೀಡ್, ಅಂದರೆ ಮಖಮಲ್ಲಿನಂತೆ ಉಜ್ಜಿದ ಚರ್ಮದ ಅಂಗೈ ಹೊಸದರಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಬೆವರು, ಕೊಳೆ ಕೂತು ನುಣ್ಣಗಾಗುತ್ತದೆ. ಗಾಢ ಬಣ್ಣದ್ದಾದರೆ ಒದ್ದೆ ಬಿಳಿಬಟ್ಟೆಯಿಂದ ಉಜ್ಜಿ ನೋಡು. ಬಣ್ಣ ಬಿಟ್ಟರೆ ಬೆವರಿನ ಜೊತೆ ಚಕ್ರಕ್ಕೂ ಇಳಿಯುತ್ತದೆ, ದಂತದ ಬಣ್ಣದ ಬಳೆಗೆ ಹತ್ತಿದರೆ ಹೋಗುವುದಿಲ್ಲ.

ಕೈಗವಸು ಹಾಕಿಕೊಂಡು ಕಾರು ಓಡಿಸುವವರನ್ನು ಶೋಕಿಗಾರರು ಅಂತ ನಗುತ್ತಿದ್ದ ಕಾಲದವನು ನಾನು. ಮೈ ತೆರೆದ ಕಾರುಗಳಲ್ಲಿ ಚಳಿ, ಧೂಳು, ಎಂಜಿನ್ನಿನ ಎಣ್ಣೆ ಎಲ್ಲ ನೇರ ಕೈಗೇ ಬರುತ್ತಿದ್ದವು, ಮೊಣಕೈವರೆಗೆ ಬರುವ ಗವಸು ಹಾಕಿಕೊಳ್ಳದೆ ವಿಧಿಯಿರಲಿಲ್ಲ ಅನ್ನುವುದನ್ನು ನಗುವವರು ಮರೆತಿದ್ದರು. ಈಗ ಪಕ್ಕದ ಸೀಟಿನಲ್ಲಿ ಕೂತು, ಇಲ್ಲಿ ಹಿಡಿ, ಇಲ್ಲಿ ಬಿಡು ಅಂತ ಹೇಳುವುದಕ್ಕೆ ನನ್ನ ಮೊಣಕಾಲು ಒಪ್ಪುವುದಿಲ್ಲ. ಕಾಗದದಲ್ಲಿ ಕೈಯ ವಿಷಯ ಹೇಳುವುದು ಎಷ್ಟು ಕಷ್ಟ ನೋಡು, ಅದೇ ಕೊರಗು.

ಇರಲಿ. ಬೆರಳಗಂಟಿನ ಮೇಲೆ ತೂತುಗಳಿರುವುದು ಅಂದಕ್ಕಲ್ಲ. ಮುಷ್ಟಿ ಮಡಚಿದಾಗ ಹಿಂಬದಿಯ ಚರ್ಮ ಎಳೆಯದಿರಲಿ, ಗಾಳಿಯಾಡಲಿ ಅಂತ. ಹೊಲಿಗೆ ಹೊರಮುಖವಾಗಿದ್ದರೆ ಬೆರಳಿನ ಒಳಗೆ ಗೆರೆಯಾಗಿ ಒತ್ತುವುದಿಲ್ಲ. ಮಣಿಕಟ್ಟಿನ ಬಟನ್ನು ಕೈಯ ಹಿಂಬದಿಗಿರಬೇಕು. ಅಂಗೈ ಕಡೆ ಲೋಹವಿದ್ದರೆ ಬಳೆಗೆ ಗೀರು ಬೀಳುತ್ತದೆ. ಸೆಕೆಗೆ ಹಿಂಬದಿ ದಾರದ ಹೆಣಿಗೆಯದಾದರೂ ಆದೀತು, ಅಂಗೈ ಮಾತ್ರ ಪೂರ್ತಿ ಚರ್ಮವಿರಲಿ. ಅರ್ಧಬೆರಳಿನದು ಚೋಕಿನ ಗುಬ್ಬಿ, ಸ್ವಿಚ್ಚು ಹಿಡಿಯಲು ಅನುಕೂಲ, ನಿಜ. ಆದರೆ ತೆಳು ಬಳೆಯನ್ನು ಹಿಡಿದಿರುವುದು ಬೆರಳ ತುದಿಗಳೇ, ಬೆವರುವುದೂ ಅವೇ. ನಿನಗೆ ಪೂರ್ಣಬೆರಳಿನದೇ ಸರಿ ಅನ್ನಿಸುತ್ತದೆ. ಉಂಗುರ ತೆಗೆದಿಟ್ಟು ಹಾಕಿಕೊ.

ಚರ್ಮ ಅಡ್ಡ ಬಂದರೆ ರಸ್ತೆ ಕೈಗೆ ತಿಳಿಯದೇ ಹೋದೀತು ಅಂತ ನಿನಗೆ ಅಳುಕು ಬಂದರೆ, ಅಂಗಡಿಯಲ್ಲೇ ಪರೀಕ್ಷೆ ಮಾಡು. ಕೈಗವಸು ಹಾಕಿಕೊಂಡು ಮೇಜಿನ ಮೇಲಿನ ನಾಣ್ಯ ಎತ್ತು, ಪುಸ್ತಕದ ಒಂದೇ ಹಾಳೆ ತಿರುವು. ಎರಡೂ ಆದರೆ ರಸ್ತೆಯ ನಡುಕವೂ ತಿಳಿಯುತ್ತದೆ.

ಮತ್ತೆ ಅಲ್ಲಿಗೇ ಬರುತ್ತೇನೆ. ಎಳೆಯುವಾಗಲೇ ಜಾರಿದ್ದಾದರೆ, ಚಕ್ರ ಅಷ್ಟು ಭಾರವಾದದ್ದು ಯಾಕೆ? ಮೊದಲು ಮುಂದಿನ ಟೈರುಗಳ ಗಾಳಿ ನೋಡಿಸು. ಕಡಿಮೆಯಿದ್ದರೆ ಸ್ಟೀರಿಂಗ್ ಕಲ್ಲಾಗುತ್ತದೆ. ಆಮೇಲೆ ಕಿಂಗ್ ಪಿನ್ನುಗಳಿಗೆ ಗ್ರೀಸು. ಅದಾದ ಮೇಲೆ ಸ್ಟೀರಿಂಗ್ ಬಾಕ್ಸು, ಚಕ್ರದ ತಿರುವನ್ನು ಗಾಲಿಗೆ ದಾಟಿಸುವ ಗಿಯರ್ ಪೆಟ್ಟಿಗೆ. ವರ್ಮ್, ಅಂದರೆ ಸ್ಕ್ರೂವಿನಂಥ ಗಿಯರ್, ಇರುವ ಬಾಕ್ಸು ಹೆಚ್ಚು ಸವೆಯುವುದು ನಡುಭಾಗದಲ್ಲಿ, ಕಾರು ಬಹುಪಾಲು ನೇರವಾಗಿಯೇ ಓಡುತ್ತದಲ್ಲ. ನೇರ ಹೋಗುವಾಗಿನ ಪ್ಲೇ, ಅಂದರೆ ಸಡಿಲ, ತೆಗೆಯಲು ಮೆಕ್ಯಾನಿಕ್ ಬಾಕ್ಸನ್ನು ಬಿಗಿದರೆ, ಸವೆಯದ ಅಂಚುಗಳಲ್ಲಿ, ಅಂದರೆ ಪೂರ್ತಿ ತಿರುಗಿಸಿದಾಗ, ಅದು ಕಚ್ಚಿಕೊಳ್ಳುತ್ತದೆ. ಜಾಕ್ ಕೊಟ್ಟು ಮುಂದಿನ ಗಾಲಿಗಳನ್ನು ನೆಲದಿಂದ ಎತ್ತಿಸಿ ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸು. ನಡುವೆ ಹಗುರ, ಅಂಚಿಗೆ ಹೋಗುತ್ತ ಬಿಗಿ ಅನ್ನಿಸಿದರೆ ಬಾಕ್ಸನ್ನು ಅತಿಯಾಗಿ ಬಿಗಿದಿದ್ದಾರೆ. ಅದಕ್ಕೆ ಯಾವ ಕೈಗವಸೂ ಮದ್ದಲ್ಲ. ಸ್ವಲ್ಪ ಪ್ಲೇ ಇದ್ದರೂ ಸರಿ, ಕಚ್ಚಬಾರದು.

ನಿಂತ ಕಾರಿನಲ್ಲಿ ಚಕ್ರ ತಿರುಗಿಸಬೇಡ, ಗಾಲಿ ಒಂದಿಷ್ಟು ಉರುಳುತ್ತಿರಲಿ. ಕೈಗಳು ಗಡಿಯಾರದ ಹತ್ತು ಮತ್ತು ಎರಡರ ಜಾಗದಲ್ಲಿರಲಿ. ಒಂದು ಕೈ ಎಳೆಯುವಾಗ ಇನ್ನೊಂದರೊಳಗೆ ಬಳೆ ಜಾರುತ್ತ ಹೋಗಲಿ, ಕೈ ಮೇಲೆ ಕೈ ಹಾಕಬೇಡ. ಹೆಬ್ಬೆರಳು ಬಳೆಯ ಮೇಲೆ ಮಲಗಿರಬೇಕು, ಒಳಗೆ ಕೊಕ್ಕೆ ಹಾಕಿರಬಾರದು. ಮುಂದಿನ ಗಾಲಿ ಕಲ್ಲಿಗೋ ಗುಂಡಿಗೋ ಹೊಡೆದರೆ ಚಕ್ರ ತಟ್ಟನೆ ತಿರುಗಿ ಸ್ಪೋಕು ಹೆಬ್ಬೆರಳಿಗೆ ಬಡಿಯುತ್ತದೆ, ಚರ್ಮದ ಕೈಗವಸು ಅದನ್ನು ತಡೆಯುವುದಿಲ್ಲ. ಹ್ಯಾಂಡಲ್ ಹಾಕಿ ಎಂಜಿನ್ ಚಾಲೂ ಮಾಡುವಾಗಲೂ ಹೀಗೇ: ಇಗ್ನಿಷನ್ ಹಿಂದಕ್ಕಿಟ್ಟು, ಅಂದರೆ ಕಿಡಿ ತಡವಾಗಿ ಬರುವಂತೆ ಮಾಡಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಂಡು, ಕೆಳಗಿನಿಂದ ಮೇಲಕ್ಕೆ ಎಳೆ. ಕೆಳಕ್ಕೆ ಒತ್ತಬೇಡ.

ಪೆಟ್ರೋಲ್ ತುಂಬುವಾಗ, ಎಣ್ಣೆ ನೋಡುವಾಗ ಈ ಕೈಗವಸು ಬೇಡ. ಪೆಟ್ರೋಲು ಚರ್ಮದ ಜಿಡ್ಡು ತೆಗೆದು ಒರಟು ಮಾಡುತ್ತದೆ, ಎಣ್ಣೆ ಅಂಗೈಯಿಂದ ನೇರ ಬಳೆಗೆ ಹೋಗುತ್ತದೆ, ಬ್ರೇಕ್ ಫ್ಲೂಯಿಡ್ ಹತ್ತಿದ ಕೈ ಕಾರಿನ ಬಣ್ಣವನ್ನೇ ಎಬ್ಬಿಸುತ್ತದೆ. ತೆಗೆಯುವಾಗ ಮಣಿಕಟ್ಟು ಹಿಡಿದು ಎಳೆಯದೆ ಒಂದೊಂದೇ ಬೆರಳ ತುದಿ ಸಡಿಲಿಸು. ಒದ್ದೆಯಾದರೆ ಆಕಾರಕ್ಕೆ ಎಳೆದು ನೆರಳಿನಲ್ಲಿ ಒಣಗಿಸು, ಎಂಜಿನ್ ಮೇಲೆ ಇಡಬೇಡ. ಚರ್ಮದ ಕ್ರೀಮು ಹಚ್ಚುವುದಾದರೆ ಹಿಂಬದಿಗೆ ಮಾತ್ರ, ಅಂಗೈಗೆ ಬೇಡ.

ಸದ್ಯಕ್ಕೆ ನನಗೆ ಮೂರು ವಿಷಯ ಬೇಕು. ನಿನ್ನ ಕೈಯ ಸುತ್ತಳತೆ. ಜಾಕ್ ಮೇಲೆ ಚಕ್ರ ತಿರುಗಿಸಿದಾಗ ಅಂಚಿನಲ್ಲಿ ಬಿಗಿಯಾಯಿತೋ ಇಲ್ಲವೋ. ಜಾರಿದ್ದು ತಿರುವಿಗೆ ಇಳಿಯುವಾಗಲೋ ಹೊರಗೆ ಬರುವಾಗಲೋ. ಮೂರನೆಯದನ್ನು ನೆನಪು ಮಾಡಿಕೊಂಡು ಸರಿಯಾಗಿ ಬರೆ. ನನ್ನ ಉತ್ತರ ಬರುವ ತನಕ ಕಾರನ್ನು ನೇರ ರಸ್ತೆಯಲ್ಲಿ, ನಿಧಾನವಾಗಿ ಓಡಿಸಿದರೆ ಸಾಕು.

ನಿನ್ನ
ದೊಡ್ಡಪ್ಪ