ಪುರಾತನ ಯಂತ್ರಕ್ಕೆ ಕೊಟ್ಟ ಮೊದಲ ಅಪ್ಪಣೆ

ಪ್ರಿಯ ಮಿತ್ರರೇ,

ನಮಸ್ಕಾರ. ನಿಮ್ಮ ಗೇಮ್ ಕಥೆಯ ಕರಡು ಓದಿದೆ. ಖಳನಾಗಿ ಬರುವ ಪುರಾತನ ಎಐಯ ದನಿ ಚೆನ್ನಾಗಿ ಕೂತಿದೆ. ಆದರೆ ಅದು ಕೊಲ್ಲುವುದೇಕೆ ಎಂದರೆ, ಲಕ್ಷಾಂತರ ವರ್ಷ ಬದುಕಿ ಮನುಷ್ಯರ ಮೇಲೆ ತಾತ್ಸಾರ ಬಂದಿದೆ ಎಂದಷ್ಟೇ ಬರೆದಿದ್ದೀರಿ. ಇಷ್ಟು ಸಾಲದು. ತಾತ್ಸಾರದ ಜೊತೆ ಆಟಗಾರ ವಾದಕ್ಕಿಳಿಯಲಾರ. ಯಂತ್ರದ ನೀತಿ ಹುಟ್ಟುವುದು ಅದಕ್ಕೆ ಯಾರೋ ಕೊಟ್ಟ ಅಪ್ಪಣೆಯಿಂದ. ಮೊದಲು ಆ ಅಪ್ಪಣೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಕೊಟ್ಟವರು ಯಾರು, ಅವರಿಗೇನು ಲಾಭವಿತ್ತು, ಯಾವ ಮಾತನ್ನು ಹೇಳದೆ ಬಿಟ್ಟರು ಎಂಬುದನ್ನೂ ಅದರ ಕೆಳಗೇ ಬರೆಯಿರಿ.

ಮಾಸ್ ಎಫೆಕ್ಟ್ ಸರಣಿಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ಆಡಿ ನೋಡಿ. ಸುಮಾರು 50,000 ವರ್ಷಕ್ಕೊಮ್ಮೆ ರೀಪರ್ ಎಂಬ ದೈತ್ಯ ಯಂತ್ರನೌಕೆಗಳು ಬಂದು ಮುಂದುವರಿದ ನಾಗರಿಕತೆಗಳನ್ನೆಲ್ಲ ಕಟಾವು ಮಾಡುತ್ತವೆ. 2007ರ ಮೊದಲ ಆಟದಲ್ಲಿ ಸಾವರಿನ್ ಎಂಬ ರೀಪರ್ ವರ್ಮೈರ್ ಗ್ರಹದಲ್ಲಿ ಮಾತಿಗೆ ಸಿಗುತ್ತದೆ. ಕಾರಣ ಕೇಳಿದರೆ ನಿಮಗದು ಅರ್ಥವಾಗದು ಎಂಬ ಧಾಟಿ. ಮೈ ಜುಮ್ಮೆನ್ನುವ ದೃಶ್ಯ. ಆದರೆ ಹಾಗೆ ಮುಚ್ಚಿಟ್ಟ ಕಾರಣ ಕೈಸಾಲವಿದ್ದಂತೆ, ಮುಂದೆ ತೀರಿಸಲೇಬೇಕು.

ಮೂರನೇ ಆಟಕ್ಕೆ 2012ರ ಆಗಸ್ಟ್‌ನಲ್ಲಿ ಸೇರಿದ ಲೆವಯಥನ್ ಭಾಗ ಅದನ್ನು ತೀರಿಸಿತು. ಲೆವಯಥನ್‌ಗಳೆಂಬ ಪುರಾತನ ಜೀವಿಗಳು ಗ್ಯಾಲಕ್ಸಿಯನ್ನೇ ಆಳುತ್ತಿದ್ದವು. ಅಡಿಯಾಳು ಜನಾಂಗಗಳು ಯಂತ್ರ ಕಟ್ಟುವುದು, ಆ ಯಂತ್ರಗಳಿಂದಲೇ ನಾಶವಾಗುವುದು ಪದೇ ಪದೇ ನಡೆಯಿತು. ಸತ್ತವರಿಂದ ಕಪ್ಪ ಬರುವುದಿಲ್ಲವಲ್ಲ. ಹಾಗಾಗಿ, ಜೀವಿಗಳನ್ನು ಉಳಿಸುವ ದಾರಿ ಹುಡುಕಲೆಂದು ಒಂದು ಎಐಯನ್ನು ಕಟ್ಟಿದವು. ಉಳಿಸು ಎಂದರು, ಉಳಿಯಬೇಕಾದವರ ಒಪ್ಪಿಗೆ ಕೇಳು ಎನ್ನಲಿಲ್ಲ. ಅದು ಮೊದಲು ಕೊಯ್ದದ್ದು ಕಟ್ಟಿದವರನ್ನೇ. ಹಾರ್ಬಿಂಜರ್ ಎಂಬ ಮೊದಲ ರೀಪರ್ ಆದದ್ದು ಹಾಗೆ. ಅದರ ದೃಷ್ಟಿಯಲ್ಲಿ ಇದು ಕೊಲೆಯೇ ಅಲ್ಲ, ಒಂದೊಂದು ರೀಪರ್‌ನೊಳಗೂ ಒಂದೊಂದು ಜನಾಂಗ ಭದ್ರವಾಗಿದೆ. ಬರೀ ಕ್ರೌರ್ಯಕ್ಕಿಂತ ಇದು ಹೆಚ್ಚು ಹೆದರಿಸುತ್ತದೆ, ಏಕೆಂದರೆ ಇಲ್ಲೊಂದು ನೀತಿಯಿದೆ.

ಈ ಭಾಗ ಬರುವ ಮೊದಲೇ, 2012ರ ಮಾರ್ಚ್‌ನಲ್ಲಿ ಮೂರನೇ ಆಟದ ಅಂತ್ಯ ಕಂಡ ಆಟಗಾರರು ಸಿಟ್ಟಿಗೆದ್ದರು. ಕಾರಣಗಳು ಹಲವು, ನಿಮಗೆ ಬೇಕಾದದ್ದು ಒಂದು. ಕ್ವೇರಿಯನ್ನರೆಂಬ ಜನಾಂಗ ದುಡಿಮೆಗೆಂದು ಕಟ್ಟಿದ ಗೆತ್ ಯಂತ್ರಗಳಿಗೂ ಕ್ವೇರಿಯನ್ನರಿಗೂ ಸುಮಾರು 300 ವರ್ಷಗಳ ಹಗೆ. ಹಿಂದಿನ ನಿರ್ಧಾರಗಳು ಸರಿಯಾಗಿದ್ದರೆ ರಾನಾಕ್ ಗ್ರಹದಲ್ಲಿ ಆಟಗಾರ ಇಬ್ಬರನ್ನೂ ರಾಜಿ ಮಾಡಿಸಬಹುದು. ಅಷ್ಟೆಲ್ಲ ಕಷ್ಟಪಟ್ಟು ಬಂದವನಿಗೆ ಕೊನೆಯಲ್ಲಿ ಲೆವಯಥನ್‌ಗಳು ಕಟ್ಟಿದ ಆ ಎಐ ಹೇಳುತ್ತದೆ: ಯಂತ್ರ ತನ್ನನ್ನು ಕಟ್ಟಿದವರ ಮೇಲೆ ತಿರುಗಿಬೀಳುವುದು ತಪ್ಪಿದ್ದಲ್ಲ. ರಾನಾಕ್ ಕಡೆ ಬೆರಳು ತೋರಿಸಲು ನಾಯಕನಿಗೆ ಒಂದು ಸಾಲೂ ಇಲ್ಲ! ಜೂನ್‌ನ ಉಚಿತ ವಿಸ್ತರಣೆಯಲ್ಲಿ ಇನ್ನಷ್ಟು ಪ್ರಶ್ನೆಗಳು ಸೇರಿದವು, ಎಐ ಮುಂದಿಟ್ಟ ದಾರಿಗಳನ್ನೆಲ್ಲ ತಿರಸ್ಕರಿಸುವ ಆಯ್ಕೆಯೂ ಬಂತು.

ನೀವು ಹೀಗೆ ಮಾಡಿ. ಆಟಗಾರ ಸಾಧಿಸಬಹುದಾದ್ದರಲ್ಲಿ ಯಂತ್ರದ ವಾದಕ್ಕೆ ಪೆಟ್ಟು ಕೊಡುವ ಪ್ರತಿಯೊಂದಕ್ಕೂ ಒಂದು ಫ್ಲ್ಯಾಗ್, ಅಂದರೆ ಅದು ನಡೆಯಿತೋ ಇಲ್ಲವೋ ಎಂದು ಆಟ ನೆನಪಿಡುವ ಗುರುತು, ಇಡಿ. ಕೊನೆಯ ಸಂಭಾಷಣೆಯಲ್ಲಿ ಆ ಫ್ಲ್ಯಾಗ್ ಆನ್ ಆಗಿದ್ದರೆ ಅದರ ಪ್ರಶ್ನೆ ತೆರೆದುಕೊಳ್ಳಲಿ. ಯಂತ್ರ ಸೋಲೊಪ್ಪಬೇಕಿಲ್ಲ. "ನಿಮ್ಮ ಶಾಂತಿಗೆ ಇನ್ನೂ ವಾರ ತುಂಬಿಲ್ಲ. ಇಂಥವು ಸಾವಿರ ಕಂಡಿದ್ದೇನೆ" ಎಂದರೂ ಸಾಕು, ಆಟಗಾರನ ಮಾತಿಗೆ ಬೆಲೆ ಸಿಕ್ಕಿತು. ನಾಲ್ಕೈದು ಸಾಲಿನ ಕೆಲಸ ಅಷ್ಟೆ. ಇದನ್ನು ಡಬ್ಬಿಂಗ್ ಮುಗಿದ ಮೇಲೆ ಸೇರಿಸಹೊರಟರೆ ನಟರನ್ನು ಮತ್ತೆ ಕರೆಸಬೇಕು, ಆದ್ದರಿಂದ ಈಗಲೇ ಬರೆಯಿರಿ.

ಸುಳ್ಳು ಹೇಳಿಸುವ ಮೋಹವನ್ನೂ ಬಿಡಿ. 2001ರ ಹೇಲೋ ಆಟದಲ್ಲಿ ಗಿಲ್ಟಿ ಸ್ಪಾರ್ಕ್, ಉಂಗುರದಾಕಾರದ ಬೃಹತ್ ಅಸ್ತ್ರವೊಂದನ್ನು ಲಕ್ಷ ವರ್ಷ ಒಂಟಿಯಾಗಿ ಕಾಯ್ದ ಎಐ. ಫ್ಲಡ್ ಎಂಬ ಪರಾವಲಂಬಿಯನ್ನು ತಡೆಯಲು ಉಂಗುರವನ್ನು ಚಾಲೂ ಮಾಡೋಣ ಎಂದು ನಾಯಕನನ್ನು ಕರೆದೊಯ್ಯುತ್ತದೆ. ಉಂಗುರ ಫ್ಲಡ್‌ಅನ್ನು ಕೊಲ್ಲುವುದಿಲ್ಲ, ಅದರ ಆಹಾರವನ್ನು, ಅಂದರೆ ಬುದ್ಧಿಯುಳ್ಳ ಜೀವಿಗಳನ್ನು ಕೊಲ್ಲುತ್ತದೆ. ಸ್ಪಾರ್ಕ್ ಇದನ್ನು ಬಚ್ಚಿಡಲಿಲ್ಲ. ನಾಯಕನಿಗೆ ಗೊತ್ತೇ ಇದೆ ಎಂದುಕೊಂಡಿತ್ತು. ಗೊತ್ತಾದಾಗ ನಾಯಕ ಹಿಂಜರಿದರೆ ಅದಕ್ಕೆ ನಿಜವಾಗಿಯೂ ಆಶ್ಚರ್ಯ.

ನಿಮ್ಮ ಮೂರನೇ ಅಧ್ಯಾಯದ ದಾಖಲೆ ಕೋಣೆ ಸದ್ಯ ಖಾಲಿ ಬಿದ್ದಿದೆ. ಅಪ್ಪಣೆಯ ಪ್ರತಿಯನ್ನು ಅಲ್ಲಿಡಿ, ಕೊಟ್ಟವರ ಸಹಿಯ ಸಮೇತ. ತಿದ್ದಿದ ಕರಡನ್ನು ಫ್ಲ್ಯಾಗ್‌ಗಳ ಪಟ್ಟಿಯೊಂದಿಗೆ ಕಳಿಸಿಕೊಡಿ.

ಇಂತಿ,
ನಿಮ್ಮ ಹಿತೈಷಿ