ಮೂರನೇ ಕುರಿಗೆ ಒಂದು ಪತ್ರ

ಪ್ರೀತಿಯ ಮೂರನೇ ಕುರಿಯೇ,

ಶಾಲೆಯ ಕ್ರಿಸ್ಮಸ್ ನಾಟಕದಲ್ಲಿ ನೀನು ಮೂರನೇ ಕುರಿ, ನಾನು ಒಂಟೆಯ ಹಿಂಗಾಲು, ಅದೇ ಹೆಸರಿನಿಂದ ಕರೆಯುತ್ತೇನೆ. ಹೋದ ಭಾನುವಾರ ನೀನು ಕೇಳಿದ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಮಗಳು ಒಂಬತ್ತನೇ ತರಗತಿಗೆ ಬಂದಿದ್ದಾಳೆ, ಚಿತ್ರಕಲೆಯ ಕ್ಲಾಸು ಬಿಡಿಸಿ ಗಣಿತದ ಟ್ಯೂಷನ್‌ಗೆ ಹಾಕಲೇ, ನೀನು ಮೇಷ್ಟ್ರು, ನೀನೇ ಹೇಳು ಎಂದಿದ್ದೆ. ನಾನು "ನೋಡೋಣ" ಎಂದು ಫೋನ್ ಇಟ್ಟೆ. ಮಾತು ನುಂಗುವುದು ನನ್ನ ಅಭ್ಯಾಸವಲ್ಲವೆಂದು ನಿನಗೆ ಗೊತ್ತು. ಅದಕ್ಕೇ ಈ ಕಾಗದ. ಅದನ್ನು ನಾಲ್ಕು ಜನರ ಕಣ್ಣಿಗೆ ಬೀಳುವ ಜಾಗದಲ್ಲಿ ಬರೆಯುತ್ತಿದ್ದೇನೆ. ನಮ್ಮ ಶಾಲೆಯ ಮಕ್ಕಳ ತಂದೆತಾಯಂದಿರು ಓದಿದರೆ ಓದಲಿ.

ಇಲ್ಲಿ ಅಡಿಕೆ ಕೊಯ್ಲು ಜೋರಾಗಿದೆ. ಬೆಳಿಗ್ಗೆ ಶಾಲೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅಡಿಕೆ ಬೇಯಿಸಿದ ಚೊಗರಿನ ವಾಸನೆ. ಶಾಲೆಯಲ್ಲಿ ಆಗಲೇ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವ ಮಾತು ಶುರುವಾಗಿದೆ. ಶಿವಮೊಗ್ಗದಲ್ಲಿ ನಾವು ಓದಿದ ಶಾಲೆಯಲ್ಲಿ ಗೋದಲಿಗೂ ಮೊದಲು ಇನ್ನೊಂದು ಹಬ್ಬ ಬರುತ್ತಿತ್ತಲ್ಲ, ನವೆಂಬರ್ 22, ಸಂತ ಸಿಸಿಲಿಯಾಳ ದಿನ. ಹಾಡುವವರನ್ನು, ನುಡಿಸುವವರನ್ನು ಕಾಯುವ ಸಂತಳು. ಅಂದು ಸಂಗೀತದ ಸಿಸ್ಟರ್ ಹಾರ್ಮೋನಿಯಂ ಒರೆಸಿ, ಮೇಲೊಂದು ಸೇವಂತಿಗೆ ಇಟ್ಟು, ತರಗತಿಯ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಸಲ ತಿದಿ ಒತ್ತಿಸುತ್ತಿದ್ದರು. ನಮ್ಮ ನಾಟಕದ ದೇವದೂತನಿಗೂ ಸರದಿ ತಪ್ಪುತ್ತಿರಲಿಲ್ಲ. ಅವನು ಈಗ ದುಬೈಯಲ್ಲಿದ್ದಾನಂತೆ.

ಸರಿಗಮ ಬಾಯಿಗೆ ಬಂದ ಮೇಲೆ ಅವರು ಪಾಶ್ಚಾತ್ಯರ ಸರಿಗಮವಾದ ಡೊ ರೆ ಮಿ ಕಲಿಸಿದರು. ಆ ಹೆಸರುಗಳ ಕತೆಯನ್ನೂ ಹೇಳಿದರು. ಹನ್ನೊಂದನೇ ಶತಮಾನದಲ್ಲಿ ಇಟಲಿಯ ಗ್ವಿಡೊ ಎಂಬ ಸನ್ಯಾಸಿ, ಹುಡುಗರು ಹೊಸ ಹಾಡನ್ನು ಬೇಗ ಕಲಿಯಲೆಂದು ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನರ ಲ್ಯಾಟಿನ್ ಸ್ತುತಿಗೀತೆಯೊಂದನ್ನು ಹಿಡಿದುಕೊಂಡ. ಅದರ ಒಂದೊಂದು ತುಣುಕೂ ಹಿಂದಿನದಕ್ಕಿಂತ ಒಂದು ಸ್ವರ ಮೇಲಿನಿಂದ ಏಳುತ್ತದೆ. ಆ ತುಣುಕುಗಳ ಮೊದಲ ಉಚ್ಚಾರಗಳೇ ಉತ್, ರೆ, ಮಿ, ಫಾ, ಸೊಲ್, ಲಾ. ಉತ್ ಆಮೇಲೆ ಡೊ ಆಯಿತು. ಮಕ್ಕಳಿಗೆ ಹೇಗಾದರೂ ತಿಳಿಯಲಿ ಎಂಬ ಒಬ್ಬ ಮೇಷ್ಟ್ರ ಒದ್ದಾಟದಲ್ಲಿ ಹುಟ್ಟಿದ ವಿದ್ಯೆ ಅದು. ನಾನೂ ಸೀಮೆಸುಣ್ಣ ಹಿಡಿದ ಮೇಲೆ ಗ್ವಿಡೊ ನನಗೆ ಬಹಳ ಹತ್ತಿರದವನಾಗಿದ್ದಾನೆ.

ಈ ವರ್ಷ ನವೆಂಬರ್ 22ರಂದು ನಾನು ಹತ್ತನೇ ತರಗತಿಯವರಿಗೆ ಗಣಿತದ ಕಿರುಪರೀಕ್ಷೆ ಇಟ್ಟಿದ್ದೆ, ಅವರ ಸಂಗೀತದ ಪಿರಿಯಡ್‌ನಲ್ಲಿ. ದಸರಾ ರಜೆ ಮುಗಿದಾಗಿನಿಂದ ಅವರ ಸಂಗೀತ, ಚಿತ್ರಕಲೆ ಎರಡೂ ಪಿರಿಯಡ್ ನನ್ನವೇ. ಯಾರೂ ನನ್ನ ಮೇಲೆ ಹೇರಿದ್ದಲ್ಲ. ಫಲಿತಾಂಶದ ಹೆಸರು ಹೇಳಿ ನಾನೇ ಕೇಳಿ ಪಡೆದದ್ದು. ಹಾರ್ಮೋನಿಯಂ ಸ್ಟಾಫ್ ರೂಮಿನ ಮೂಲೆ ಸೇರಿತ್ತು. ಅದರ ಮೇಲೆ ನನ್ನ ಉತ್ತರಪತ್ರಿಕೆಗಳ ಕಟ್ಟು.

ಅಂದು ಕಟ್ಟು ತೆಗೆದುಕೊಂಡು ಹೋಗಲು ಬಂದ ಹುಡುಗಿಯೊಬ್ಬಳು, "ಸರ್, ಒಂದೇ ಒಂದು ಸಲ ನುಡಿಸಲೇ?" ಎಂದಳು. ಆಗಲಿ ಎಂದೆ. ನೆಲದ ಮೇಲೆ ಕುಳಿತಳು. ಎಡಗೈಯಲ್ಲಿ ತಿದಿ ಒತ್ತುತ್ತಾ ಬಲಗೈಯ ಬೆರಳು ಊರಿದಳು. ಮಳೆಗಾಲದ ತೇವಕ್ಕೆ ಒಂದು ಬಿಳಿ ಪಟ್ಟಿ ಕಚ್ಚಿಕೊಂಡಿತ್ತು, ಒತ್ತಿದರೂ ಸದ್ದಿಲ್ಲ. ಅವಳು ನಿಲ್ಲಿಸಲಿಲ್ಲ. ಆ ಸ್ವರ ಬಂದಾಗಲೆಲ್ಲ ಅದನ್ನು ತಾನೇ ಹಾಡಿ, ಮುಂದಿನದಕ್ಕೆ ಬೆರಳು ಸರಿಸುತ್ತಾ ಹೋದಳು. ಗಾಂಧಾರ ಮಾತ್ರ ಅವಳ ಕೊರಳಿನದು, ಉಳಿದದ್ದೆಲ್ಲ ಪೆಟ್ಟಿಗೆಯದು. ಹಾಜರಿ ಕೂಗುವಾಗಿನ "ಎಸ್ ಸರ್" ಬಿಟ್ಟರೆ ಜೂನ್‌ನಿಂದ ನಾನು ಆ ಮಗುವಿನ ದನಿಯನ್ನೇ ಕೇಳಿರಲಿಲ್ಲ.

ಮರುದಿನ ನಿನ್ನ ಫೋನ್ ಬಂತು.

ಹೇಳಿಬಿಡುತ್ತೇನೆ. ನೀನು ಕೇಳಿದ್ದನ್ನೇ ನಿನ್ನ ಅಪ್ಪಯ್ಯ ಒಮ್ಮೆ ನನ್ನನ್ನು ಕೇಳಿದ್ದರು, ಗಾಂಧಿ ಬಜಾರಿನ ನಿಮ್ಮ ಅಂಗಡಿಯಲ್ಲಿ, ಬೆಲ್ಲ ತೂಗುತ್ತಾ. ನಾವು ಒಂಬತ್ತನೆಯಲ್ಲಿದ್ದೆವು. 1991, ನೀನಾಸಂ ರಂಗಸಂಸ್ಥೆ ಕಟ್ಟಿದ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ ವರ್ಷ. ಆ ಹುರುಪಿನಲ್ಲೇ ಸಿಸ್ಟರ್ ಕ್ರಿಸ್ಮಸ್ ನಾಟಕವನ್ನು ದೊಡ್ಡದಾಗಿ ಎತ್ತಿಕೊಂಡಿದ್ದರು. ನಾಟಕ ಮುಗಿದ ವಾರದ ಮಾತು. ನೀನು ಲೋಯರ್ ಗ್ರೇಡ್ ಚಿತ್ರಕಲಾ ಪರೀಕ್ಷೆ ಮುಗಿಸಿದ್ದೆ, ಹೈಯರ್ ಗ್ರೇಡ್‌ಗೆ ಕಟ್ಟಬೇಕಿತ್ತು. "ಇವನ ಲೆಕ್ಕ ಕೆಡುತ್ತಿರುವುದು ಈ ಚಿತ್ರದಿಂದಲೇ ಅಲ್ಲವೇನಪ್ಪ?" ಎಂದರು. ನಾನು ಹೌದು ಎಂದೆ. ನೀನು ಪರೀಕ್ಷೆಗೆ ಕಟ್ಟಲಿಲ್ಲ. ಅದರ ಹಿಂದೆ ನನ್ನ ಮಾತಿತ್ತೆಂದು ನಿನಗೆ ಇವತ್ತಿನವರೆಗೂ ಗೊತ್ತಿಲ್ಲ.

ನಿನ್ನ ಲೆಕ್ಕ ಕೆಟ್ಟಿರಲಿಲ್ಲ. ಕೆಟ್ಟಿದ್ದು ನನ್ನ ಮನಸ್ಸು. ಹಿಂದಿನ ವರ್ಷ ಆಗುಂಬೆ ಘಾಟಿ ಇಳಿದು ಮಂಗಳೂರಿಗೆ ಪ್ರವಾಸ ಹೋದಾಗ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯ ನೋಡಿದೆವಲ್ಲ. ಇಟಲಿಯಿಂದ ಬಂದ, ಜೆಸ್ವಿಟ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಸೋದರ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಕುಂಚ ಹಿಡಿದು ಗೋಡೆ, ಚಾವಣಿಗಳನ್ನೆಲ್ಲ ತುಂಬಿದ ಜಾಗ. ನಾವೆಲ್ಲ ಐಸ್‌ಕ್ರೀಮಿಗೆ ಓಡಿದರೆ ನೀನು ಒಳಗೆ ನೆಲದ ಮೇಲೆ ಅಂಗಾತ ಮಲಗಿದ್ದೆ. ಕರೆಯಲು ಬಂದ ನನಗೆ, "ಹಸಿ ಗಾರೆ ಒಣಗುವ ಮೊದಲೇ ಬಣ್ಣ ಕೂರಿಸಬೇಕಂತೆ, ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆಯಬೇಕಂತೆ" ಎಂದೆ. ನಿನ್ನ ಕಣ್ಣು ಚಾವಣಿಯಿಂದ ಕದಲಲಿಲ್ಲ. ಅಂಥ ಆಸೆ ನನಗೆ ಯಾವುದರ ಮೇಲೂ ಇರಲಿಲ್ಲ.

ಆಮೇಲೆ ನಾಟಕಕ್ಕೆ ನೀನು ಬರೆದ ಪರದೆ. ಬೆತ್ಲೆಹೇಮಿನಲ್ಲಿ ಅಡಿಕೆ ಮರ, ಹಂಚಿನ ಮನೆ, ಗುಡ್ಡದ ಮೇಲೆ ಕವಿದ ಮಳೆಮೋಡ. ಸಿಸ್ಟರ್ ಬಹಳ ಹೊತ್ತು ನೋಡಿ, "ಹೀಗೆಯೇ ಇರಲಿ" ಎಂದರು. ಅಂದು ತೆರೆ ಸರಿದದ್ದೇ ತಡ, ಒಬ್ಬರೂ ಮಾತು ಆರಂಭಿಸುವ ಮೊದಲೇ ಚಪ್ಪಾಳೆ ಬಿತ್ತು. ನಾನು ಒಂಟೆಯ ಗೋಣಿಯೊಳಗಿದ್ದೆ. ಚಪ್ಪಾಳೆ ಕೇಳಿಸಿತು, ಪರದೆ ಕಾಣಿಸಲಿಲ್ಲ.

ನನ್ನನ್ನು ಕ್ಷಮಿಸು.

ಸೋಮವಾರ ಎರಡೂ ಪಿರಿಯಡ್ ಹಿಂದಿರುಗಿಸಲು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಬಳಿ ಹೋದೆ. "ಸಂತೋಷ, ಆದರೆ ಸಂಗೀತದ ಮೇಷ್ಟ್ರು ಎಲ್ಲಿದ್ದಾರೆ?" ಎಂದರು. ಪಿರಿಯಡ್ ಲೆಕ್ಕದಲ್ಲಿ ಸಂಬಳ ಪಡೆಯುತ್ತಾ ತೀರ್ಥಹಳ್ಳಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದವರು. ಪಿರಿಯಡ್ ಕಡಿಮೆಯಾದ ಮೇಲೆ ಬಸ್ ಚಾರ್ಜಿಗೂ ಗಿಟ್ಟದೆ ಬರುವುದನ್ನೇ ನಿಲ್ಲಿಸಿದ್ದಾರೆ. ಇದು ನನಗೆ ಹೊಳೆದೇ ಇರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ನಾಳೆ ಅವರ ಮನೆಗೇ ಹೋಗುತ್ತೇನೆ.

ಮಗಳ ಚಿತ್ರದ ಕ್ಲಾಸು ಬಿಡಿಸಬೇಡ. ಅವಳ ಲೆಕ್ಕ ನನ್ನ ಜವಾಬ್ದಾರಿ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿಡಿಯೊ ಕರೆ ಮಾಡುತ್ತೇನೆ, ಪುಸ್ತಕ ಹಿಡಿದು ಕೂರಲು ಹೇಳು.

ಇಷ್ಟೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ಸಾಕು. ಇಲ್ಲಿ ಚಳಿ ಚೆನ್ನಾಗಿ ಬಿದ್ದಿದೆ, ಅಮ್ಮ ನಿನ್ನ ಹೆಸರು ಹೇಳಿಕೊಂಡೇ ಕಡುಬು ಬೇಯಿಸುತ್ತಾಳೆ. ಈ ಸಲದ ನಾಟಕಕ್ಕೆ ಹನ್ನೆರಡು ಅಡಿ ಬಿಳಿ ಬಟ್ಟೆ ತಂದಿಟ್ಟಿದ್ದೇನೆ, ಬಡಗಿ ಚೌಕಟ್ಟು ಹೊಡೆದುಕೊಟ್ಟಿದ್ದಾನೆ. ರಜೆ ಹಾಕಿ, ಮಗಳನ್ನೂ ಕರೆದುಕೊಂಡು ಡಿಸೆಂಬರ್ ಎರಡನೇ ವಾರವೇ ಬಂದುಬಿಡು. ಬಣ್ಣ ನೀನೇ ತಾ, ಇಲ್ಲಿಯ ಅಂಗಡಿಯ ಹಸಿರು ನಿನಗೆ ಹಿಡಿಸುವುದಿಲ್ಲ. ಆ ಉಣ್ಣೆಯ ಟೊಪ್ಪಿ ಎಲ್ಲಾದರೂ ಉಳಿದಿದ್ದರೆ ಅದನ್ನೂ ಚೀಲಕ್ಕೆ ಹಾಕಿಕೋ. ಇಲ್ಲಿ ಕುರಿಗಳು ಎರಡೇ ಇವೆ.

ನಿನ್ನ,
ಒಂಟೆಯ ಹಿಂಗಾಲು