ಕಾವಿ ಗೋಡೆಯೂ ಫ್ಲೆಕ್ಸೂ ಚಿತ್ರಕಲೆಯ ಪಾಠವಾಗಲಿ

ಮಾನ್ಯ ಸಂಪಾದಕರೇ,

ರಾಷ್ಟ್ರೀಯ ಶಿಕ್ಷಣ ನೀತಿ 2020 ಮತ್ತು ಅದರ ಬೆನ್ನಿಗೆ ಬಂದ 2023ರ ಶಾಲಾ ಪಠ್ಯಕ್ರಮ ಚೌಕಟ್ಟು, ಎರಡೂ ಕಲಾ ಶಿಕ್ಷಣಕ್ಕೆ ಒತ್ತು ಕೊಟ್ಟಿವೆ. ಸಿಕ್ಕ ಅವಧಿಯಲ್ಲಿ ಕಲಿಸುವುದೇನು ಎಂಬುದು ಈಗ ನಮ್ಮ ಜಿಲ್ಲೆಯ ಶಾಲೆಗಳ ಮುಂದಿರುವ ಪ್ರಶ್ನೆ. ಚಿತ್ರಕಲೆಯ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೈ ಪಳಗಿಸುವುದು ಬೇಕೇ ಬೇಕು. ಆದರೆ ಮಕ್ಕಳ ಕಣ್ಣು ಬೆಳಗಿನಿಂದ ರಾತ್ರಿಯವರೆಗೆ ರೀಲ್ಸ್, ಫ್ಲೆಕ್ಸ್, ಕೃತಕ ಬುದ್ಧಿಮತ್ತೆ ಮಾಡಿಕೊಟ್ಟ ಚಿತ್ರಗಳ ಮೇಲೇ ಇರುತ್ತದೆ. ಅವನ್ನು ಓದಲು ಕಲಿಸದಿದ್ದರೆ ಚಿತ್ರಕಲೆಯ ಪಾಠ ಅರ್ಧಕ್ಕೇ ನಿಂತಂತೆ.

ಓದುವುದಕ್ಕೆ ಮೊದಲು ಒಂದು ಚಿತ್ರ ಹೇಗೆ ಹುಟ್ಟುತ್ತದೆಂದು ಕೈಗೆ ತಿಳಿಯಬೇಕು. ಅದಕ್ಕೆ ಕಾವಿ ಕಲೆಗಿಂತ ಒಳ್ಳೆಯ ಪಾಠ ನಮ್ಮಲ್ಲಿಲ್ಲ. ಬಿಳಿ ಗಾರೆಯ ಮೇಲೆ ಕಾವಿಮಣ್ಣಿನ ಕೆಂಪು ಪದರ ಬಳಿದು, ಅದನ್ನು ಕೆತ್ತಿ ಒಳಗಿನ ಬಿಳಿ ಕಾಣುವಂತೆ ಚಿತ್ರ ಮೂಡಿಸುವ ಗೋಡೆ ಕಲೆ ಇದು. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ, ಕರಾವಳಿಯ ಹಳೆಯ ಗುಡಿಗಳಲ್ಲಿ ಅದು ಕಣ್ಣೆದುರಿಗಿದೆ. ಲೇಖಕ, ಛಾಯಾಗ್ರಾಹಕ ಕೃಷ್ಣಾನಂದ ಕಾಮತರು ಅದನ್ನು ದಾಖಲಿಸಿಟ್ಟಿದ್ದಾರೆ. ತರಗತಿಯಲ್ಲಿ ಒಂದಡಿ ಚದರದ ಮಣ್ಣಿನ ಹೆಂಚು ಸಾಕು. ಹೆಂಚನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ. ನೀರಿನಲ್ಲಿ ಅರಳಿಸಿ ಹದಗೊಳಿಸಿದ ಸುಣ್ಣ 1 ಪಾಲು, ಜರಡಿ ಹಿಡಿದ ಹೊಳೆಮರಳು 3 ಪಾಲು ಕಲಸಿ 8 ಮಿ.ಮೀ. ದಪ್ಪ ಮೆತ್ತಿ. ಅದು ಬಿಗಿದ ಮೇಲೆ ನುಣುಪು ಮರಳಿನ ಬಿಳಿ ಗಾರೆ 3 ಮಿ.ಮೀ., ಅದರ ಮೇಲೆ ಕಾವಿಮಣ್ಣು ಬೆರೆಸಿದ ಸುಣ್ಣ 1ರಿಂದ 2 ಮಿ.ಮೀ. ಕಾವಿ ಸಿಗದಿದ್ದರೆ ಅಂಗಡಿಯ ರೆಡ್ ಆಕ್ಸೈಡ್ ಪುಡಿ ನಡೆಯುತ್ತದೆ, ಸುಣ್ಣದ ಕ್ಷಾರಕ್ಕೆ ಅದರ ಬಣ್ಣ ಕೆಡುವುದಿಲ್ಲ. ಪುಡಿ ಸುಣ್ಣದ ಹತ್ತನೇ ಒಂದು ಪಾಲು ಮೀರಿದರೆ ಮೇಲ್ಪದರ ಕೈಗೆ ಹತ್ತುತ್ತದೆ. ಬೆರಳಿಟ್ಟರೆ ಅಂಟದೆ, ಉಗುರಿಟ್ಟರೆ ಗೆರೆ ಮೂಡುವ ಹೊತ್ತಿಗೆ ಕೆತ್ತಲು ಕೂರಬೇಕು. ಅವಸರ ಮಾಡಿದರೆ ಅಂಚು ಕುಸಿದು ಕೆಂಪು ಬಿಳಿಯೊಳಗೆ ಇಳಿಯುತ್ತದೆ. ತಡವಾದರೆ ಗೆರೆಯ ಜೊತೆ ಚಕ್ಕೆಯೇ ಹಾರುತ್ತದೆ. ಏಪ್ರಿಲ್ ಬಿಸಿಲಿಗೆ ಬಿರುಕು ಬಿಡದಂತೆ ಒದ್ದೆ ಗೋಣಿಚೀಲ ಮುಚ್ಚಿ. ಕಡಲ ಮರಳು ಬೇಡ, ಅದರ ಉಪ್ಪು ಆಮೇಲೆ ಬಿಳಿ ಪುಡಿಯಾಗಿ ಮೇಲೇಳುತ್ತದೆ. ಸುಟ್ಟ ಸುಣ್ಣವನ್ನು ಮಕ್ಕಳ ಎದುರು ಅರಳಿಸಲೇಬಾರದು. ಕೈಗವಸು, ಕನ್ನಡಕ ಕಡ್ಡಾಯ. ಕಣ್ಣಿಗೆ ಸಿಡಿದರೆ ಸತತವಾಗಿ ನೀರು ಹಾಕುತ್ತ ವೈದ್ಯರ ಬಳಿಗೆ ಒಯ್ಯಬೇಕು.

ಹೀಗೊಮ್ಮೆ ಕೆತ್ತಿದ ಮಗುವಿಗೆ ಗುಡಿಯ ಗೋಡೆಗೆ ಆಯಿಲ್ ಪೇಂಟ್ ಯಾಕೆ ಬಳಿಯಬಾರದೆಂದು ಬೇರೆ ಹೇಳಬೇಕಿಲ್ಲ. ಪೇಂಟು ಸುಣ್ಣದ ಉಸಿರು ಕಟ್ಟಿಸುತ್ತದೆ, ನಮ್ಮ ಮಳೆಗಾಲದ ತೇವ ಒಳಗೇ ಉಳಿದು ಗಾರೆಯನ್ನು ಚಿತ್ರದ ಸಮೇತ ಕಳಚುತ್ತದೆ.

ಇದೇ ಕಣ್ಣನ್ನು ಫ್ಲೆಕ್ಸಿನತ್ತ ತಿರುಗಿಸಿ. ಯಾರ ಮುಖ ದೊಡ್ಡದು, ಯಾರು ಮೇಲಿನ ಸಾಲಿನಲ್ಲಿದ್ದಾರೆ, ಯಾರನ್ನು ಕತ್ತರಿಸಿದ್ದಾರೆ? ಪರದೆಯಲ್ಲಿ ಮಿನುಗುವ ಹಸಿರು ಮುದ್ರಣದಲ್ಲಿ ಮಂಕಾಗುವುದೇಕೆ? ಪರದೆ ಬೆಳಕನ್ನು ಬೆರೆಸುತ್ತದೆ, ಮುದ್ರಣಯಂತ್ರ ಶಾಯಿಯನ್ನು.

ಬಡಗುತಿಟ್ಟು ಯಕ್ಷಗಾನದ ಅಭಿಮನ್ಯುವನ್ನು ಬರೆದುಕೊಡು ಎಂದು ಕೃತಕ ಬುದ್ಧಿಮತ್ತೆಯನ್ನು ಕೇಳಿ, ಬಂದದ್ದನ್ನು ಯಕ್ಷಗಾನ ಮೇಳದ ಫೋಟೊದ ಪಕ್ಕದಲ್ಲಿಡಿ. ತಲೆಗೆ ಕಟ್ಟುವ ಕೇದಗೆ ಮುಂದಲೆಯ ಸುತ್ತು, ಜರಿಯ ಪಟ್ಟಿ ಸರಿಯಿದೆಯೇ? ಕಥಕ್ಕಳಿಯ ಮುಖ ನುಸುಳಿದೆಯೇ? ಮುಂದಲೆಯನ್ನು ಒಮ್ಮೆ ನೋಡಿ ಬರೆದ ಮಗು ತಪ್ಪನ್ನು ತಾನೇ ಹಿಡಿಯುತ್ತದೆ. ಕುಶಲಕರ್ಮಿ ಗುಡಿಗಾರರು ಬೆಂಡಿನಿಂದ ಮಾಡುವ ಮದುವೆಯ ಬಾಸಿಂಗಕ್ಕೂ ಇದೇ ಪರೀಕ್ಷೆ ಒಡ್ಡಬಹುದು.

ಇಲಾಖೆ ಬೇಸಿಗೆ ತರಬೇತಿಯಲ್ಲಿ ಇದಕ್ಕೆ ಎರಡು ದಿನ ಕೊಡಲಿ. ಚಿತ್ರಕಲಾ ಶಿಕ್ಷಕರಿಲ್ಲದ ಶಾಲೆಗಳ ಒಬ್ಬೊಬ್ಬ ಶಿಕ್ಷಕರನ್ನೂ ಕರೆಯಲಿ. ಪರೀಕ್ಷೆಯಲ್ಲಿ ಎರಡು ಚಿತ್ರಗಳನ್ನು ಹೋಲಿಸುವ ಪ್ರಶ್ನೆಯೊಂದಿರಲಿ. ದೇವಸ್ಥಾನಗಳ ಆಡಳಿತ ಮಂಡಳಿಗಳು ಮಕ್ಕಳಿಗೆ ಗೋಡೆ ಮುಟ್ಟದೆ, ಕಾಗದ ಒತ್ತಿ ನಕಲು ತೆಗೆಯದೆ, ಅಳತೆಪಟ್ಟಿ ಪಕ್ಕಕ್ಕೆ ಹಿಡಿದು ಫೋಟೊ ತೆಗೆಯಲು ಅನುಮತಿ ಕೊಡಲಿ. ಸುಣ್ಣಬಣ್ಣದ ಗುತ್ತಿಗೆ ಕೊಡುವ ಮುನ್ನ ಆ ಫೋಟೊಗಳನ್ನು ಒಮ್ಮೆ ತರಿಸಿ ನೋಡಲಿ.

– ಕೆಲವು ಚಿತ್ರಕಲಾ ಶಿಕ್ಷಕರು, ಶಿರಸಿ ಮತ್ತು ಕುಮಟಾ